ಗೆಡ್ಡೆಗೂ ಒಂದು ಪಂಚಾಂಗವಿದೆ

ಯುಗಾದಿ ಕಳೆದು ಅಶ್ವಿನಿ ಮಳೆ ಒಮ್ಮೆ ಜೋರಾಗಿ ಹೊಡೆದರೆ ಸಾಕು, ನಾಲ್ಕೈದು ದಿನದಲ್ಲಿ ಅಂಗಳದ ಅಂಚಿಗೆ ಗುಲಾಬಿ ಬಣ್ಣದ ಮಳೆ ಲಿಲ್ಲಿ ಸಾಲಾಗಿ ತಲೆಯೆತ್ತುತ್ತದೆ. ಬಾವಿಕಟ್ಟೆಯ ಬಳಿ ಹಿಪ್ಪಿಯಾಸ್ಟ್ರಮ್ ಆ ಹೊತ್ತಿಗಾಗಲೇ ಕೆಂಪು ತುತ್ತೂರಿಗಳನ್ನು ಬಿಚ್ಚಿರುತ್ತದೆ. ಮೇ ಬಂತೆಂದರೆ ಬರಿ ನೆಲದಿಂದ ಒಂದು ದಂಟು ಎದ್ದು, ಅದರ ತುದಿಯಲ್ಲಿ ಕೆಂಪು ಚೆಂಡಿನಂಥ ಫುಟ್‌ಬಾಲ್ ಲಿಲ್ಲಿ. ಇದನ್ನೇ ಮಲೆನಾಡಿನ ಹಲವು ಮನೆಗಳಲ್ಲಿ ಮೇ ಫ್ಲವರ್ ಎನ್ನುತ್ತಾರೆ. ಬಯಲುಸೀಮೆಯವರಿಗೆ ಮೇ ಫ್ಲವರ್ ಎಂದರೆ ಗುಲ್‌ಮೊಹರ್ ಮರ. ಹೆಸರಿನಲ್ಲೇ ಇಷ್ಟು ಗೊಂದಲವಿರುವಾಗ ಆರೈಕೆಯಲ್ಲಿ ಇರದೇ ಇದ್ದೀತೆ? ನಮ್ಮ ವಸಂತದ ಈ ಗೆಡ್ಡೆ ಹೂಗಳ ಬಗ್ಗೆ ನಾವು ನಂಬಿಕೊಂಡು ಬಂದದ್ದರಲ್ಲಿ ಬಹಳಷ್ಟು ತಪ್ಪು. ಹಾಗೆ ನಂಬಿ ಎಷ್ಟೋ ಗೆಡ್ಡೆಗಳನ್ನು ನಾವೇ ಕೈಯಾರೆ ಕೊಳೆಸಿದ್ದೇವೆ.

ತಪ್ಪು ಕಲ್ಪನೆ: ಟ್ಯುಲಿಪ್, ಕ್ರೋಕಸ್‌ನಂಥ ಚಳಿದೇಶದ ಗೆಡ್ಡೆಗಳನ್ನು ಕೆಲವು ದಿನ ಫ್ರಿಜ್ಜಿನಲ್ಲಿಟ್ಟು ನೆಟ್ಟರೆ ಬೆಂಗಳೂರು, ಮೈಸೂರಿನ ಕುಂಡಗಳಲ್ಲೂ ಪ್ರತಿ ವರ್ಷ ಹೂ ಬಿಡುತ್ತವೆ.

ವಾಸ್ತವ: ಹೆಚ್ಚೆಂದರೆ ಒಂದು ವರ್ಷ. ಅದೂ ಎಲ್ಲ ಕೂಡಿಬಂದರೆ. ನಾವೂ ಒಮ್ಮೆ ಆನ್‌ಲೈನಿನಲ್ಲಿ ಒಂದು ಡಜನ್ ಕ್ರೋಕಸ್ ಗೆಡ್ಡೆ ತರಿಸಿದ್ದೆವು. ಪೊಟ್ಟಣದ ಮೇಲೆ ಹಿಮದ ನಡುವೆ ಅರಳಿದ ನೇರಳೆ ಹೂವಿನ ಚಿತ್ರವಿತ್ತು. ಎರಡು ವಾರ ಫ್ರಿಜ್ಜಿನಲ್ಲಿಡಿ ಎಂದು ಮಾರಿದವರು ಬರೆದಿದ್ದರು. ಇಟ್ಟೆವು, ಅದೂ ಸೇಬು ಹಣ್ಣಿನ ಪಕ್ಕದಲ್ಲೇ. ನೆಟ್ಟ ಮೇಲೆ ಹುಲ್ಲಿನಂಥ ನಾಲ್ಕು ಎಲೆ ಬಂತು, ಶಿವರಾತ್ರಿಯ ಹೊತ್ತಿಗೆ ಹಳದಿಯಾಯಿತು, ಅಷ್ಟೇ. ಮಣ್ಣು ಕೆದಕಿ ನೋಡಿದರೆ ಗೆಡ್ಡೆ ಇದ್ದ ಜಾಗದಲ್ಲಿ ಬರಿ ಸಿಪ್ಪೆ.

ಏಕೆ ಹೀಗಾಯಿತು ಎಂದು ಆಮೇಲೆ ತಿಳಿಯಿತು. ಟ್ಯುಲಿಪ್ ಗೆಡ್ಡೆಗೆ ಸುಮಾರು 12ರಿಂದ 16 ವಾರಗಳ ಕಾಲ 9 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಕ್ರೋಕಸ್‌ಗೆ ಸ್ವಲ್ಪ ಕಡಿಮೆ ಸಾಕಾದರೂ ಎರಡು ವಾರ ಯಾವ ಮೂಲೆಗೂ ಸಾಲದು. ಬೆಂಗಳೂರಿನಲ್ಲಿ ಜನವರಿಯ ರಾತ್ರಿ ಕೂಡ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮಣ್ಣಿನೊಳಗೆ ಅದಕ್ಕಿಂತ ಬೆಚ್ಚಗೆ. ಫ್ರಿಜ್ಜು ಆ ಚಳಿಯನ್ನು ಕೊಡಬಲ್ಲದು, ನಿಜ. ಆದರೆ ಮಾಗುವ ಸೇಬು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಗೆಡ್ಡೆಯೊಳಗಿನ ಎಳೆ ಮೊಗ್ಗು ಅದಕ್ಕೆ ಅಲ್ಲೇ ಮುರುಟಿಹೋಗುತ್ತದೆ. ಇನ್ನು, ಹೂ ಬಿಟ್ಟರೂ ಕಥೆ ಮುಗಿಯುವುದಿಲ್ಲ. ಕ್ರೋಕಸ್ ಪ್ರತಿ ವರ್ಷ ಹಳೆಯ ಗೆಡ್ಡೆಯ ನೆತ್ತಿಯ ಮೇಲೆ ಹೊಸ ಗೆಡ್ಡೆ ಕಟ್ಟುತ್ತದೆ, ಹಳೆಯದು ಸವೆದುಹೋಗುತ್ತದೆ. ಹೊಸದನ್ನು ಕಟ್ಟಲು ಹೂವಾದ ಮೇಲೂ ವಾರಗಟ್ಟಲೆ ತಂಪು ಬಿಸಿಲು ಬೇಕು. ನಮ್ಮಲ್ಲಿ ಫೆಬ್ರವರಿ ಮುಗಿಯುವ ಮೊದಲೇ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ. ಎಲೆ ಬಾಡಿತು, ಗೆಡ್ಡೆ ಸೊರಗಿತು.

ಶ್ರೀನಗರದ ಟ್ಯುಲಿಪ್ ತೋಟವನ್ನು ತೋರಿಸಿ, ಭಾರತದಲ್ಲೇ ಬೆಳೆಯುತ್ತದಲ್ಲ ಎನ್ನುವವರಿದ್ದಾರೆ. ಜಬರ್ವಾನ್ ಬೆಟ್ಟದ ಬುಡದಲ್ಲಿ 2007ರಲ್ಲಿ ತೆರೆದ ಆ ತೋಟದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗೆಡ್ಡೆಗಳಿವೆ. ಆದರೆ ಅಲ್ಲಿ ಫ್ರಿಜ್ಜಿನ ಕೆಲಸವನ್ನು ಕಾಶ್ಮೀರದ ಚಳಿಗಾಲವೇ ಮಾಡುತ್ತದೆ. ಒಂದೇ ದೇಶ ಎಂಬುದು ನಮ್ಮ ಲೆಕ್ಕ, ಗೆಡ್ಡೆಯದ್ದಲ್ಲ.

ಕ್ರೋಕಸ್ ನೆಟ್ಟರೆ ಕೇಸರಿ ಸಿಗುತ್ತದೆಂಬ ಆಸೆಯೂ ಇದರ ಜೊತೆಗೇ ಮಾರಾಟವಾಗುತ್ತದೆ. ಕೇಸರಿ ಕೊಡುವ ಕ್ರೋಕಸ್ ಅರಳುವುದು ವಸಂತದಲ್ಲಿ ಅಲ್ಲ. ಕಾಶ್ಮೀರದ ಪಾಂಪೋರಿನ ಹೊಲಗಳಲ್ಲಿ ಅದರ ಕೊಯ್ಲು ಅಕ್ಟೋಬರ್‌–ನವೆಂಬರಿನಲ್ಲಿ. ವಸಂತದ ಕ್ರೋಕಸ್‌ನಲ್ಲಿ ಕೇಸರಿ ಇಲ್ಲ. ಶರತ್ಕಾಲದಲ್ಲಿ ಅರಳುವುದೆಲ್ಲ ಕೇಸರಿಯೂ ಅಲ್ಲ: ನೋಡಲು ಅದರಂತೆಯೇ ಇರುವ ಕಾಲ್ಚಿಕಂ ಎಂಬ ಗಿಡ ಪ್ರಾಣ ತೆಗೆಯುವಷ್ಟು ವಿಷ.

ಚಳಿದೇಶಗಳಲ್ಲಿ ನೆಲೆಸಿದ ನಮ್ಮವರ ತಪ್ಪು ಇದಕ್ಕೆ ತಿರುಗುಮುರುಗು. ಅಲ್ಲಿ ಹವಾಮಾನ ಸರಿಯಿದೆ, ತಿಂಗಳು ತಪ್ಪುತ್ತದೆ. ಪಕ್ಕದ ಮನೆಯಲ್ಲಿ ಮಾರ್ಚಿನಲ್ಲಿ ಸ್ನೋಡ್ರಾಪ್, ಕ್ರೋಕಸ್ ಅರಳಿದ್ದನ್ನು ಕಂಡು ಏಪ್ರಿಲ್‌ನಲ್ಲಿ ಗೆಡ್ಡೆ ಹುಡುಕಲು ಹೊರಡುತ್ತಾರೆ. ವಸಂತಕ್ಕೆ ಅರಳಬೇಕಾದ್ದನ್ನು ಹಿಂದಿನ ಶರತ್ಕಾಲದಲ್ಲಿ, ಸೆಪ್ಟೆಂಬರಿನಿಂದ ನವೆಂಬರಿನೊಳಗೆ, ನೆಟ್ಟಿರಬೇಕು. ಹಿಮ ಬಿದ್ದರೆ ಸತ್ತೀತು ಎಂಬ ಭಯವೂ ಬೇಡ. ಸ್ನೋಡ್ರಾಪ್ ಕೊರೆವ ರಾತ್ರಿ ನೆಲಕ್ಕೊರಗಿ, ಹಿಮ ಕರಗಿದ ಮೇಲೆ ಮತ್ತೆ ನೆಟ್ಟಗೆ ನಿಲ್ಲುತ್ತದೆ.

ತಪ್ಪು ಕಲ್ಪನೆ: ಮಳೆ ಲಿಲ್ಲಿ ಗುಡುಗಿಗೆ ಏಳುತ್ತದೆ. ಗುಡುಗಿನ ಸದ್ದಿಗೆ ಗೆಡ್ಡೆ ಬಿರಿದು ಮೊಗ್ಗು ಹೊರಬರುತ್ತದೆ. ಮನುಷ್ಯ ಎಷ್ಟು ನೀರು ಹೊಯ್ದರೂ ಅದು ಜಗ್ಗುವುದಿಲ್ಲ.

ವಾಸ್ತವ: ಅಣಬೆಯ ಬಗ್ಗೆಯೂ ನಾವು ಇದನ್ನೇ ಹೇಳುತ್ತೇವೆ. ನಂಬಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಮುಂಗಾರಿಗೆ ಮುಂಚಿನ ಅಶ್ವಿನಿ, ಭರಣಿ ಮಳೆಗಳು ಗುಡುಗು ಸಿಡಿಲಿಲ್ಲದೆ ಬರುವುದೇ ಅಪರೂಪ. ಗುಡುಗಿತು, ನಾಲ್ಕು ದಿನಕ್ಕೆ ಹೂ ಬಂತು. ಕಣ್ಣಾರೆ ಕಂಡದ್ದು ಸುಳ್ಳಲ್ಲ, ಅದರಿಂದ ಕಟ್ಟಿಕೊಂಡ ಕಾರಣ ಮಾತ್ರ ಸುಳ್ಳು.

ಮೊಗ್ಗು ಗೆಡ್ಡೆಯೊಳಗೆ ಮೊದಲೇ ತಯಾರಾಗಿರುತ್ತದೆ. ಬೇಸಿಗೆಯ ಒಣಗು ಅದನ್ನು ತಡೆದು ನಿಲ್ಲಿಸಿರುತ್ತದೆ. ಒಣಗಿದ ಮಣ್ಣು ಏಕಾಏಕಿ ಆಳದವರೆಗೆ ನೆನೆದಾಗ ಆ ತಡೆ ಕಳಚುತ್ತದೆ. ಬೇಕಾದದ್ದು ಎರಡು: ಮೊದಲು ಒಣಗು, ಆಮೇಲೆ ಪೂರ್ತಿ ನೆನೆ. ನಾವು ದಿನಾ ಒಂದೊಂದು ಚೊಂಬು ಚಿಮುಕಿಸುತ್ತೇವೆ. ಮಣ್ಣು ಪೂರ್ತಿ ಒಣಗುವುದೂ ಇಲ್ಲ, ಪೂರ್ತಿ ನೆನೆಯುವುದೂ ಇಲ್ಲ. ಹೂ ಬಾರದೆ ಇದ್ದಾಗ ಗುಡುಗು ಬೇಕಿತ್ತು ಎನ್ನುತ್ತೇವೆ.

ಇದಕ್ಕೆ ಸಾಕ್ಷಿ ಬೇಕಾದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಹೋಗಿ ನೋಡಬಹುದು. ಕಾಫಿಯ ಮೊಗ್ಗೂ ಬೇಸಿಗೆಯ ಒಣಗಿನಲ್ಲಿ ಹೀಗೆಯೇ ನಿದ್ದೆ ಹೋಗಿರುತ್ತದೆ. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗುತ್ತದೆ. ಹೂಮಳೆ ಕೈಕೊಟ್ಟ ವರ್ಷ ಬೆಳೆಗಾರರು ಸ್ಪ್ರಿಂಕ್ಲರ್ ಹಚ್ಚುತ್ತಾರೆ. ಸ್ಪ್ರಿಂಕ್ಲರಿನಲ್ಲಿ ಗುಡುಗಿಲ್ಲ, ಸಿಡಿಲಿಲ್ಲ. ಆದರೂ ಹೂ ಬರುತ್ತದೆ. ಗಿಡ ಬೇರೆ, ಗೆಡ್ಡೆ ಬೇರೆ. ಒಣಗಿ ಕಾದು ನೀರಿಗೆ ಏಳುವ ಬಗೆ ಮಾತ್ರ ಎರಡರದ್ದೂ ಒಂದೇ ಜಾಡಿನದು.

ಮನೆಯಲ್ಲೂ ಮಾಡಿ ನೋಡಬಹುದು. ಒಂದು ಕುಂಡದ ಮಳೆ ಲಿಲ್ಲಿಯನ್ನು ಮೂರು ನಾಲ್ಕು ವಾರ ಸೂರಿನಡಿ ಒಣಗಲು ಬಿಡಿ. ಆಮೇಲೆ ಕುಂಡದ ತಳದಿಂದ ನೀರು ಇಳಿಯುವ ತನಕ ಹೊಯ್ಯಿರಿ, ಮರುದಿನವೂ ಹೊಯ್ಯಿರಿ. ನಾವು ಮಾಡಿದಾಗ ಆರನೆಯ ದಿನ ಏಳು ಹೂ ಬಂದವು, ಆಕಾಶ ಶುಭ್ರವಾಗಿತ್ತು. ಮಿಂಚು ಗಾಳಿಯ ಸಾರಜನಕವನ್ನು ಮಳೆನೀರಿಗೆ ಇಳಿಸುತ್ತದೆ ಎಂಬ ಮಾತು ವಿಜ್ಞಾನವೇ ಹೌದು. ಆದರೆ ಒಂದು ಮಳೆಯಲ್ಲಿ ಹಾಗೆ ಇಳಿಯುವುದು ತೀರಾ ಅಲ್ಪ. ನಾಲ್ಕು ದಿನದಲ್ಲಿ ಅದು ಹೂ ಕಟ್ಟಿಕೊಡಲಾರದು. ಒಂದು ಎಚ್ಚರಿಕೆ: ಬಿಳಿ ಬಣ್ಣದ, ದಪ್ಪ ಹುಲ್ಲಿನಂಥ ಎಲೆಯ ಜಾತಿ ಹೆಚ್ಚಾಗಿ ಅರಳುವುದು ಮಳೆಗಾಲದ ಕೊನೆಗೆ. ಅದು ಏಪ್ರಿಲ್‌ನಲ್ಲಿ ಹೂ ಕೊಡಲಿಲ್ಲವೆಂದು ಕೀಳಬೇಡಿ.

ತಪ್ಪು ಕಲ್ಪನೆ: ಎಲೆ ಒಣಗಿ ಕುಂಡ ಬೋಳಾದರೆ ಗೆಡ್ಡೆ ಸತ್ತಿತು. ಬದುಕಿದ್ದರೆ ನೀರು ಹೆಚ್ಚು ಹಾಕಿ ಎಬ್ಬಿಸಬೇಕು.

ವಾಸ್ತವ: ಅದು ಸತ್ತಿಲ್ಲ, ಮಲಗಿದೆ. ಫುಟ್‌ಬಾಲ್ ಲಿಲ್ಲಿ ಚಳಿಗಾಲದಲ್ಲಿ ಎಲೆ ಪೂರ್ತಿ ಕಳೆದುಕೊಂಡು ತಿಂಗಳುಗಟ್ಟಲೆ ನೆಲದೊಳಗೇ ಇರುತ್ತದೆ. ಆಗ ಹೊಯ್ದ ನೀರನ್ನು ಕುಡಿಯಲು ಎಲೆ ಇಲ್ಲ, ಬೇರಿನ ಕೆಲಸವೂ ನಿಂತಿದೆ. ಒದ್ದೆ ಮಣ್ಣಿನಲ್ಲಿ ಗೆಡ್ಡೆ ಕೊಳೆಯುತ್ತದೆ. ಬೆರಳಿನಿಂದ ಒತ್ತಿ ನೋಡಿ: ಗಟ್ಟಿಯಿದ್ದರೆ ಜೀವವಿದೆ, ಮೆತ್ತಗಾಗಿ ನಾರುತ್ತಿದ್ದರೆ ಇಲ್ಲ. ಬಾಡಿಗೆ ಮನೆ ಖಾಲಿ ಮಾಡುವಾಗ ಬರಿ ಮಣ್ಣೆಂದು ಕುಂಡ ಸುರಿದುಬಿಟ್ಟವರು ಎಷ್ಟು ಮಂದಿಯೋ.

ತಪ್ಪು ಕಲ್ಪನೆ: ಹೂ ಮುಗಿದ ಮೇಲೆ ಎಲೆಗೆ ಕೆಲಸವಿಲ್ಲ. ಕತ್ತರಿಸಿ ಚೊಕ್ಕಟ ಮಾಡಿದರೆ, ಇಲ್ಲವೇ ಗಂಟು ಹಾಕಿ ಕಟ್ಟಿದರೆ, ಗಿಡದ ಶಕ್ತಿಯೆಲ್ಲ ಗೆಡ್ಡೆಗೆ ಇಳಿಯುತ್ತದೆ.

ವಾಸ್ತವ: ನಮ್ಮ ತೋಟಗಳಲ್ಲಿ ಅತಿ ಹೆಚ್ಚು ಹಾನಿ ಮಾಡಿದ ನಂಬಿಕೆ ಇದೇ. ಹಿಪ್ಪಿಯಾಸ್ಟ್ರಮ್ ಮೂರು ವರ್ಷದಿಂದ ಹೂ ಬಿಟ್ಟಿಲ್ಲ ಎಂದು ಹೇಳುವವರನ್ನು ಕೇಳಿ ನೋಡಿ. ಹೂವಾದ ಮೇಲೆ ಎಲೆ ಸವರಿದ್ದೆವು ಎಂಬ ಉತ್ತರ ಬಹಳ ಸಲ ಬರುತ್ತದೆ. ನಾವೂ ಸವರಿದ್ದೆವು. ಗೌರಿ ಹಬ್ಬಕ್ಕೆ ಅಂಗಳ ಅಚ್ಚುಕಟ್ಟಾಗಿ ಕಾಣಲೆಂದು.

ಗೆಡ್ಡೆಗೆ ಶಕ್ತಿ ಎಲ್ಲಿಂದ ಇಳಿಯಬೇಕು? ಎಲೆಯಿಂದಲೇ. ಬಿಸಿಲಲ್ಲಿ ಅಡುಗೆಯಾಗುವುದು ಅಲ್ಲಿ, ಗೆಡ್ಡೆ ಬರಿಯ ಉಗ್ರಾಣ. ಉಗ್ರಾಣ ತುಂಬುವ ಮೊದಲೇ ಅಡುಗೆಮನೆಗೆ ಬೀಗ ಹಾಕಿದರೆ ಮುಂದಿನ ವರ್ಷದ ಹೂ ಯಾವುದರಿಂದ ಆಗಬೇಕು? ಹಿಪ್ಪಿಯಾಸ್ಟ್ರಮ್‌ನ ಲೆಕ್ಕವಂತೂ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟ: ಸಾಮಾನ್ಯವಾಗಿ ನಾಲ್ಕು ಎಲೆಗೊಂದು ಹೂದಂಟಿನ ಮೊಗ್ಗು ಗೆಡ್ಡೆಯೊಳಗೆ ಮೂಡುತ್ತದೆ. ಹಾಗೆ ಮೂಡಿದ ಮೊಗ್ಗು ಹೊರಗೆ ಬರಲು ಸುಮಾರು ಒಂದು ವರ್ಷ ಬೇಕು. ಅಂದರೆ ಈ ಯುಗಾದಿಗೆ ಕಂಡ ಹೂವಿನ ಕೆಲಸ ಕಳೆದ ವರ್ಷವೇ ಆಗಿತ್ತು. ಕೊಳೆತು ಒಂದು ಬದಿ ಹಾಳಾದ ಗೆಡ್ಡೆಯನ್ನು ಎಸೆಯುವ ಮುನ್ನ ಉದ್ದಕ್ಕೆ ಸೀಳಿ ನೋಡಿ. ಈರುಳ್ಳಿಯಂಥ ಪದರಗಳ ನಡುವೆ ಬೇರೆ ಬೇರೆ ವಯಸ್ಸಿನ ಮೊಗ್ಗುಗಳು, ಅಕ್ಕಿಕಾಳಿನಷ್ಟು ಒಂದು, ಹೆಬ್ಬೆರಳ ಉಗುರಿನಷ್ಟು ಇನ್ನೊಂದು, ಕಾದು ಕುಳಿತಿರುವುದು ಕಾಣಿಸುತ್ತದೆ. ಅದನ್ನೊಮ್ಮೆ ಕಂಡ ಮೇಲೆ ಹಸಿರೆಲೆಗೆ ಕತ್ತರಿ ಹಾಕಲು ನಮ್ಮ ಕೈ ಏಳಲಿಲ್ಲ.

ಗಂಟು ಕಟ್ಟುವುದೂ ಬೇಡ. ಮಡಚಿದ ಎಲೆಗೆ ಬಿಸಿಲು ಕಡಿಮೆ, ತಿರುಚಿದ ಕಡೆ ನಾಳಗಳು ನಜ್ಜಾಗುತ್ತವೆ. ಇಂಗ್ಲೆಂಡಿನ ತೋಟಗಾರರು ಡ್ಯಾಫೊಡಿಲ್‌ಗೆ ಹೂವಾದ ಮೇಲೆ ಕನಿಷ್ಠ ಆರು ವಾರ ಎಲೆ ಬಿಡಿ ಎನ್ನುತ್ತಾರೆ. ನಮ್ಮಲ್ಲಿ ವಾರ ಎಣಿಸುವ ಅಗತ್ಯವೂ ಇಲ್ಲ. ತಾನಾಗಿ ಹಳದಿಯಾಗಿ ಎಳೆದರೆ ಕೈಗೆ ಬರುವ ತನಕ ಬಿಟ್ಟರಾಯಿತು. ಕತ್ತರಿಸಬೇಕಾದ್ದು ಬಾಡಿದ ಹೂವನ್ನು, ಬೀಜ ಬೇಡವಾದರೆ.

ತಪ್ಪು ಕಲ್ಪನೆ: ಗೆಡ್ಡೆಯನ್ನು ಆಳಕ್ಕೆ ನೆಟ್ಟು ಹಸಿ ಸಗಣಿ ಧಾರಾಳವಾಗಿ ಹಾಕಿದರೆ ಹೂ ದೊಡ್ಡದಾಗುತ್ತದೆ.

ವಾಸ್ತವ: ಹಸಿ ಸಗಣಿ ಕಾಯುತ್ತದೆ, ಗೆಡ್ಡೆಯನ್ನು ಸುಡುತ್ತದೆ, ಗೊಬ್ಬರದ ಹುಳುವನ್ನು ಕರೆತರುತ್ತದೆ. ಕಳಿತ ಗೊಬ್ಬರ ಒಂದು ಹಿಡಿ, ಒಲೆಯ ಬೂದಿ ಒಂದು ಚಿಟಿಕೆ ಸಾಕು. ಮಳೆ ಲಿಲ್ಲಿಗೆ ಮೂರರಿಂದ ಐದು ಸೆಂಟಿಮೀಟರ್ ಆಳ; ಹಿಪ್ಪಿಯಾಸ್ಟ್ರಮ್‌ಗೆ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತಿರಲಿ. ನೀರು ಬಸಿಯುವ ಜಂಬಿಟ್ಟಿಗೆ ಮಣ್ಣಾದರೆ ತೊಂದರೆಯಿಲ್ಲ, ಎರೆಮಣ್ಣಾದರೆ ಮರಳು ಬೆರೆಸಿ ಏರಿ ಮಾಡಿ. ವರ್ಷವರ್ಷ ಕಿತ್ತು ನೆಡುವುದಂತೂ ಬೇಡ. ಮಳೆ ಲಿಲ್ಲಿ ಒತ್ತೊತ್ತಾಗಿದ್ದಷ್ಟೂ ಚೆಂದ ಅರಳುತ್ತದೆ; ಫುಟ್‌ಬಾಲ್ ಲಿಲ್ಲಿಯನ್ನು ಕದಲಿಸಿದರೆ ಒಂದು ವರ್ಷ ಹೂವಿಲ್ಲದೆಯೂ ಇದ್ದುಬಿಡಬಹುದು.

ತಪ್ಪು ಕಲ್ಪನೆ: ಅಜ್ಜಿಯ ಕಾಲದಿಂದ ಇರುವ ಈ ಹೂಗಳೆಲ್ಲ ನಮ್ಮ ನಾಡಿನವೇ. ನಮ್ಮ ಕಾಡುಮೇಡುಗಳಲ್ಲಿ ತಾವಾಗಿ ಹುಟ್ಟುವ ಗೆಡ್ಡೆಗಳಲ್ಲಿ ಮಾತ್ರ ನೋಡುವಂಥ ಹೂವಿಲ್ಲ.

ವಾಸ್ತವ: ಎರಡೂ ತಲೆಕೆಳಗು. ಮಳೆ ಲಿಲ್ಲಿ ಮತ್ತು ಹಿಪ್ಪಿಯಾಸ್ಟ್ರಮ್ ಅಮೆರಿಕ ಖಂಡಗಳಿಂದ ಬಂದವು. ಗುಲಾಬಿ ಬಣ್ಣದ ಮಳೆ ಲಿಲ್ಲಿಯ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಫುಟ್‌ಬಾಲ್ ಲಿಲ್ಲಿ ಆಫ್ರಿಕದ್ದು. ಮದುವೆ ಮನೆಯ ಸುಗಂಧರಾಜ ಕೂಡ ಮೆಕ್ಸಿಕೊದ್ದೇ. ಬಂದವು ಇಲ್ಲಿ ಉಳಿದದ್ದಕ್ಕೆ ಕಾರಣ ಸರಳ: ಅವುಗಳ ತವರಿನಲ್ಲೂ ವರ್ಷ ಭಾಗವಾಗುವುದು ಒಣಗು ಮತ್ತು ಮಳೆ ಎಂದು. ಕ್ರೋಕಸ್ ಸೋತ ಕಡೆ ಮಳೆ ಲಿಲ್ಲಿ ಗೆದ್ದದ್ದು ಹೀಗೆ. ಅದರ ಸಸ್ಯಶಾಸ್ತ್ರೀಯ ಹೆಸರು ಜೆಫಿರಾಂಥಸ್. ಗ್ರೀಕ್ ಮೂಲದಲ್ಲಿ ಪಡುವಣ ಗಾಳಿಯ ಹೂ ಎಂದರ್ಥ. ಪಡುವಣ ಗಾಳಿ ಮುಂಗಾರು ತರುವ ನಾಡಿಗೆ ಈ ಹೆಸರು ಎಷ್ಟು ಚೆನ್ನಾಗಿ ಹೊಂದುತ್ತದೆ!

ನಮ್ಮದೇ ಆದವು ನಮ್ಮ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಕಾಡು ಈರುಳ್ಳಿ ಕಡು ಬೇಸಿಗೆಯಲ್ಲಿ, ಒಂದೇ ಒಂದು ಎಲೆಯಿಲ್ಲದೆ, ಮೊಣಕಾಲೆತ್ತರದ ದಂಟು ತೆಗೆದು ಮಾಸಲು ಬಣ್ಣದ ಗಂಟೆಗಳನ್ನು ತೂಗುಬಿಡುತ್ತದೆ. ಎಲೆ ಬರುವುದು ಮಳೆಯ ಜೊತೆ. ಬಯಲಿನ ಹುಲ್ಲಿನ ನಡುವೆ ಲೆಡೆಬೂರಿಯಾ ಎಂಬ ಇನ್ನೊಂದಿದೆ. ಚುಕ್ಕೆ ಚುಕ್ಕೆಯ ಎಲೆ, ಗೇಣುದ್ದವೂ ಇಲ್ಲದ ತೆನೆಯಲ್ಲಿ ನೇರಳೆ ಹಸಿರಿನ ಪುಟಾಣಿ ಹೂ. ಮೊಣಕಾಲೂರಿ ನೋಡಿದವರಿಗೆ ಮಾತ್ರ ಕಾಣುವಂಥದ್ದು. ಕಾಡಿನಿಂದ ಕಿತ್ತು ತರಬೇಡಿ. ಇದ್ದಲ್ಲೇ ನೋಡಿ ಬನ್ನಿ.

ತಪ್ಪು ಕಲ್ಪನೆ: ನೋಡಲು ಈರುಳ್ಳಿಯಂತಿದೆ, ಆದ್ದರಿಂದ ತಿಂದರೆ ಏನೂ ಆಗದು. ಇದಕ್ಕೆ ಎದುರಾಗಿ, ವಿಷದ ಗೆಡ್ಡೆ ಮನೆಯಂಗಳದಲ್ಲೇ ಇರಬಾರದು.

ವಾಸ್ತವ: ಮೊದಲನೆಯದು ಅಪಾಯ, ಎರಡನೆಯದು ಅತಿಭಯ. ಮಳೆ ಲಿಲ್ಲಿಯ ಬಳಗದಲ್ಲಿ ಲೈಕೊರಿನ್ ಎಂಬ ವಿಷವಿದೆ. ತಿಂದರೆ ವಾಂತಿ, ಭೇದಿ. ಕಾಡು ಈರುಳ್ಳಿಯ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮಳೆ ಲಿಲ್ಲಿಯ ಎಲೆ ಥೇಟ್ ಎಳೆ ಈರುಳ್ಳಿ ಸೊಪ್ಪು, ಮಕ್ಕಳಿಗೂ ಅಡುಗೆಯವರಿಗೂ ಮೋಸವಾಗುವಷ್ಟು. ಹಿಚುಕಿ ಮೂಸಿದಾಗ ಈರುಳ್ಳಿಯ ಘಾಟು ಬಾರದಿದ್ದರೆ ಅಡುಗೆಮನೆಗೆ ತರಬೇಡಿ. ಕುಂಡಗಳನ್ನು ಸೊಪ್ಪಿನ ಮಡಿಯಿಂದ ದೂರವಿಡಿ. ಯಾರಾದರೂ ತಿಂದಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಗಿಡದ ತುಂಡು ಸಮೇತ ಆಸ್ಪತ್ರೆಗೆ ಹೋಗಿ. ಆದರೆ ನೆಟ್ಟ ಮಾತ್ರಕ್ಕೆ, ಮುಟ್ಟಿದ ಮಾತ್ರಕ್ಕೆ ವಿಷವೇರುವುದಿಲ್ಲ. ಗೆಡ್ಡೆ ಹೆಚ್ಚಿದ ಕೈ ತುರಿಸಬಹುದು, ತೊಳೆದರಾಯಿತು. ಇದೇ ಬಳಗದ ಸ್ನೋಡ್ರಾಪ್‌ನಿಂದ 1950ರ ದಶಕದಲ್ಲಿ ಬೇರ್ಪಡಿಸಿದ ಗ್ಯಾಲಂಟಮಿನ್ ಇಂದು ಮರೆವಿನ ಕಾಯಿಲೆಯಾದ ಆಲ್‌ಝೈಮರ್ಸ್‌ಗೆ ಔಷಧಿ.

ತಪ್ಪು ಕಲ್ಪನೆ: ಸುಗಂಧರಾಜದಂಥ ಪರಿಮಳದ ಗೆಡ್ಡೆ ಹೂಗಳಿಗೆ ಹಾವು ಬರುತ್ತದೆ.

ವಾಸ್ತವ: ಹಾವು ನಾಲಿಗೆ ಚಾಚಿ ಹುಡುಕುವುದು ಇಲಿ ಕಪ್ಪೆಗಳ ಜಾಡನ್ನು, ಹೂವಿನ ಪರಿಮಳವನ್ನಲ್ಲ. ಮಳೆ ಶುರುವಾಗುವ ಹೊತ್ತಿಗೇ ಹೂ ಅರಳುತ್ತದೆ, ಕಪ್ಪೆ ಏಳುತ್ತದೆ, ಹಾವೂ ಹೊರಬರುತ್ತದೆ. ಒತ್ತಾದ ಪೊದೆಯಲ್ಲಿ ಕಪ್ಪೆ ಅಡಗುವುದುಂಟು, ಆದ್ದರಿಂದ ಬುಡ ಚೊಕ್ಕಟವಿರಲಿ, ಕತ್ತಲಲ್ಲಿ ಕೈ ಹಾಕಬೇಡಿ. ಹೂವಿಲ್ಲದ ಕಸದ ರಾಶಿಗೂ ಇದೇ ನಿಯಮ.

ತಪ್ಪು ಕಲ್ಪನೆ: ಮುಟ್ಟಾದ ಹೆಂಗಸು ಮುಟ್ಟಿದರೆ ಹೂ ಬಾಡುತ್ತದೆ, ಗೆಡ್ಡೆ ಕರಗಿಹೋಗುತ್ತದೆ.

ವಾಸ್ತವ: ಇದನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ನಂಬಿದವರು ನಮ್ಮ ಮನೆಯವರೇ. ಒಂದು ಕಾಲಕ್ಕೆ ಪಾಶ್ಚಾತ್ಯ ವೈದ್ಯರೂ ನಂಬಿದ್ದರು. ಡಿಫ್ತೀರಿಯಾ ಪರೀಕ್ಷೆಯಿಂದ ಹೆಸರಾದ ಬೇಲಾ ಶಿಕ್ 1920ರಲ್ಲಿ, ಮುಟ್ಟಾಗಿದ್ದ ಸೇವಕಿಯ ಕೈಯಲ್ಲಿ ಹೂ ಬೇಗ ಬಾಡಿತೆಂದು ಬರೆದು, ಮುಟ್ಟಿನ ವಿಷ ಎಂಬ ಕಲ್ಪನೆಯನ್ನೇ ಮುಂದಿಟ್ಟರು. ಆಮೇಲೆ ಬೇರೆಯವರು ಎಚ್ಚರದಿಂದ ಹೋಲಿಸಿ ನೋಡಿದಾಗ ಅದು ನಿಲ್ಲಲಿಲ್ಲ. ಅಂಥ ವಿಷ ಯಾವುದೂ ಇಲ್ಲ.

ಗೆಡ್ಡೆ ಹೂಗಳಿಗೆ ಈ ಅಪವಾದ ಅಂಟಿಕೊಳ್ಳುವುದು ಬಲು ಸುಲಭ. ಮಳೆ ಲಿಲ್ಲಿಯ ಹೂವಿನ ಆಯುಸ್ಸೇ ಒಂದೆರಡು ದಿನ. ಯಾರು ಮುಟ್ಟಲಿ, ಮುಟ್ಟದಿರಲಿ, ನಾಳೆ ಅದು ಬಾಡುತ್ತದೆ. ಫುಟ್‌ಬಾಲ್ ಲಿಲ್ಲಿ ಚಳಿಗಾಲದಲ್ಲಿ ನೆಲದ ಮೇಲಿಂದ ಮಾಯವೇ ಆಗುತ್ತದೆ. ಗಿಡ ತನ್ನ ಪಾಡಿಗೆ ಮಲಗಿದ್ದಕ್ಕೆ ಮನೆಯ ಯಾರೋ ಹೆಣ್ಣುಮಗಳ ಮೇಲೆ ದೂರು. ನಮ್ಮ ಅಜ್ಜಿ ತಿಂಗಳಿಗೆ ಮೂರು ದಿನ ತಾನೇ ನೆಟ್ಟ ಸಾಲಿನ ಹತ್ತಿರ ಸುಳಿಯುತ್ತಿರಲಿಲ್ಲ. ಜಗಲಿಯ ಮೇಲೆ ಕುಳಿತು, ಅಲ್ಲೊಂದು ಕಳೆ ಇದೆ, ಕೀಳು ಎಂದು ನಮಗೆ ಕೈ ತೋರಿಸಿ ಹೇಳುತ್ತಿದ್ದಳು.

ಆ ಸಾಲಿನದೇ ಹತ್ತು ಗೆಡ್ಡೆ ಈಗ ನಮ್ಮ ತಾರಸಿಯ ಕುಂಡಗಳಲ್ಲಿವೆ. ಮಗಳು ದಿನ ನೋಡದೆ ಅವಕ್ಕೆ ನೀರು ಹೊಯ್ಯುತ್ತಾಳೆ, ಕಳೆ ಕೀಳುತ್ತಾಳೆ. ಈ ಸಲ ಭರಣಿ ಮಳೆಯ ಐದನೆಯ ದಿನ ಹದಿನೆಂಟು ಹೂ ಎಣಿಸಿದೆವು.